ಗುರುವಾರದ ಚಾ ಕುಡಿಸಿದವರಿಗೆ

ನಮಸ್ಕಾರ್ರೀ. ಈ ಮಣ್ಣೆತ್ತಿನ ಅಮಾವಾಸ್ಯೆಗೆ ನಾನು ಕುಡಿತ ಬಿಟ್ಟು ಮೂರು ವರ್ಷ ತುಂಬಿತು. ಇಳಕಲ್ ಹತ್ತಿರದ ಒಂದು ಹಳ್ಳಿಯ ನೇಕಾರ ನಾನು. ಹೆಸರು ಬೇಡ, ಊರವರಿಗೆ ಗೊತ್ತೇ ಇದೆ. ಅವತ್ತು ಮನಿಯಾಕಿ ಹೋಳಿಗೆ ಮಾಡಿದ್ದಳು. ಉಂಡು ಕಟ್ಟೆಗೆ ಕೂತಾಗ, ಯಾರ್ಯಾರ ಋಣ ನನ್ನ ಮೇಲಿದೆ ಅಂತ ಒಮ್ಮೆ ಬರೆದಿಡಬೇಕು ಅನ್ನಿಸಿತು.

ಮೊದಲ ಋಣ ಮಗಳದು. ಮೂರು ವರ್ಷದ ಹಿಂದೆ ಅದೇ ಅಮಾವಾಸ್ಯೆಯ ದಿನ ಆಕಿ ಮಾಡಿಟ್ಟ ಮಣ್ಣೆತ್ತಿನ ಮೇಲೆ ನಾನು ಕುಡಿದು ಬಂದು ಕಾಲಿಟ್ಟೆ. ಆಕಿ ಅಳಲಿಲ್ಲ. ಮುರಿದ ಕೊಂಬಿಗೆ ನೀರು ಹಚ್ಚಿ ಕೂಡಿಸುತ್ತ ಕೂತಳು, ನನ್ನ ಕಡೆ ನೋಡದೇ. ಆ ರಾತ್ರಿಯೇ ಬಿಟ್ಟೆ. ಬಿಟ್ಟದ್ದು ಸರಿ, ಬಿಟ್ಟ ರೀತಿ ತಪ್ಪಾಗಿತ್ತು. ದಿನಾ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಎರಡನೇ ದಿನ ಮಗ್ಗದ ಮುಂದೆಯೇ ಫಿಟ್ಸ್ ಬಂದು ಬಿದ್ದೆ. ಬಾಗಲಕೋಟೆಯ ಸರಕಾರಿ ದವಾಖಾನಿಯಲ್ಲಿ ಕೈಗೆ ಸಲೈನ್ ಹಚ್ಚಿ, ಬಿ1 ಇಂಜೆಕ್ಷನ್ ಕೊಟ್ಟು, ನಡುಕ ಇಳಿಸುವ ಗುಳಿಗೆಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತ ಒಂಬತ್ತು ದಿನ ನೋಡಿಕೊಂಡರು. ಆ ಡಾಕ್ಟರಿಗೆ, ರಾತ್ರಿ ಪಾಳಿಯ ಸಿಸ್ಟರಿಗೆ ಕೈಮುಗಿಯುತ್ತೇನೆ. ಓದುವವರ ಮನೆಯಲ್ಲಿ ಇಂಥವರಿದ್ದರೆ ಬಿಡುವ ಮೊದಲು ಡಾಕ್ಟರಿಗೆ ತೋರಿಸಿ. ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ 'ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ ಚಟ ಬಿಡಿಸಿ' ಅನ್ನುವ ಪುಡಿ ತರಬೇಡಿ. ನಮ್ಮ ಮನಿಯಾಕಿ ಒಮ್ಮೆ ತಂದಿದ್ದಳು. ಅಂಥದರಲ್ಲಿ ಕುಡಿತ ಬಿಡಿಸಲು ಡಾಕ್ಟರು ಕೊಡುವ ಡೈಸಲ್ಫಿರಾಮ್ ಅನ್ನುವ ಔಷಧ ಇರಬಹುದು, ಅದರ ಮೇಲೆ ಕುಡಿದರೆ ಎದೆ ಹಾರಿ, ಬಿಪಿ ಇಳಿದು ಜೀವಕ್ಕೇ ಬರಬಹುದು. ಆ ಗುಳಿಗೆ ನುಂಗುವವನಿಗೆ ಗೊತ್ತಿರಬೇಕು, ಕೊಡುವವನು ಡಾಕ್ಟರಾಗಿರಬೇಕು.

ಅದಕ್ಕೂ ಮುಂಚೆ ಒಂದು ಖಾಸಗಿ ಕೇಂದ್ರಕ್ಕೆ 18,000 ರೂಪಾಯಿ ಕಟ್ಟಿ ಹೋಗಿದ್ದೆ. ಅಲ್ಲಿ ಕೈಕಾಲು ಕಟ್ಟಿ ಹಾಕಿದ್ದರು. ಅದರ ಮಾತು ಇಲ್ಲಿ ಬೇಡ.

ದವಾಖಾನಿಯಿಂದ ಮನೆಗೆ ಬಂದ ಮೇಲಿನ ದಿನಗಳೇ ಕಠಿಣ. ನಮ್ಮ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು, ಆಮೇಲೆ ತೋಪತೆನಿ ಅನ್ನುವ ವಿನ್ಯಾಸದ ಸೆರಗು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ನನ್ನ ಬೆರಳು ಎಳೆಯನ್ನು ಹಿಡಿಯುತ್ತಿರಲಿಲ್ಲ. ಒಂದು ಕೊಂಡಿಗೆ ನಾಲ್ಕು ಸಲ. ಹತ್ತು ಕೊಂಡಿ ಆದ ಮೇಲೆ ಮೈ ಬೆವತು, ಒಂದೇ ಒಂದು ಗುಟುಕು ಹಾಕಿದರೆ ಕೈ ನಿಲ್ಲುತ್ತದೆ ಅನ್ನೋದು ತಲೆಯಲ್ಲಿ ಶುರುವಾಗೋದು. ಅದು ಸುಳ್ಳೂ ಅಲ್ಲ, ನಿಲ್ಲುತ್ತಿತ್ತು. ಅದೇ ಫಜೀತಿ.

ಆಗ ಬಂದವರು ಕಾಕಾ. ಹುನಗುಂದ ಕಡೆಯವರು, ಮೊದಲು ಲಾರಿ ಓಡಿಸುತ್ತಿದ್ದರು, ಹದಿನಾಲ್ಕು ವರ್ಷದಿಂದ ಮುಟ್ಟಿಲ್ಲ. ದವಾಖಾನಿಯ ಕೌನ್ಸಿಲರ್ ಮೇಡಂ ಫೋನಿನಲ್ಲಿ 'ನಿಮ್ಮ ಪೀರ್ ಬರ್ತಾರೆ' ಅಂದಿದ್ದರು. ತಾನೂ ಕುಡಿತ ಬಿಟ್ಟು ಹೊಸಬರಿಗೆ ಜೊತೆಯಾಗುವವರಿಗೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆ. ನಮ್ಮ ಕಡೆ ಪೀರ ಅಂದರೆ ಮೊಹರಮ್ಮಿನ ಪೀರಲದೇವರು. ನನ್ನ ಅವ್ವ ಸಕ್ಕರಿ ಊದಿನಕಡ್ಡಿ ತಯಾರು ಮಾಡಿಕೊಂಡು ಕೂತಿದ್ದಳು! ಬಂದದ್ದು ಲುಂಗಿ ಉಟ್ಟ, ಎರಡು ಹಲ್ಲು ಹೋದ ಮನುಷ್ಯ. ಮಗ್ಗದ ಕುಣಿಯ ಅಂಚಿಗೆ ಕೂತು ನನ್ನ ಕೈ ನೋಡಿದರು.

"ಎಷ್ಟ್ ದಿನಾತಪಾ?"

"ಇಪ್ಪತ್ತೆರಡು."

"ನಂದು ಎರಡು ತಿಂಗಳು ನಡಗತಿತ್ತು. ಸ್ಟೇರಿಂಗ್ ಹಿಡಿಯಾಕ ಬರ್ತಿದ್ದಿಲ್ಲ. ನಿಂತತು. ನಿಂದೂ ನಿಂದರತದ. ಇವತ್ತ ಹತ್ತ್ ಕೊಂಡಿ ಸಾಕು, ಏಳು."

ಉಪದೇಶ ಮಾಡಲಿಲ್ಲ. ನಿಂತತು ಅಂದರು, ಅಷ್ಟೇ. ಡಾಕ್ಟರೂ ಅದನ್ನೇ ಹೇಳಿದ್ದರು, ಆದರೆ ಅವರ ಕೈ ನಡುಗಿರಲಿಲ್ಲ ನೋಡಿ.

ನಮ್ಮ ಸೀಮೆಗೆ ಬಿಡಿಸುವ ಮಾತು ಹೊಸದಲ್ಲ. ಇಳಕಲ್ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ನಮ್ಮಪ್ಪ ಆ ಜೋಳಿಗೆಗೆ ಬೀಡಿ ಕಟ್ಟು ಹಾಕಿದವನು ಮತ್ತೆ ಮುಟ್ಟಲಿಲ್ಲ. ನಾನೂ ಸಾರಾಯಿ ಪಾಕೀಟು ಹಾಕಿದ್ದೆ. ನನ್ನದು ಎಂಟು ದಿನ ನಡೆಯಿತು. 2007ರ ಜುಲೈ 1ಕ್ಕೆ ಸಾರಾಯಿ ಬಂದಾದಾಗ ಊರೇ ಬದಲಾಗುತ್ತದೆ ಅಂದರು. ನಾವು 90 ಎಂಎಲ್ ವಿಸ್ಕಿ ಪ್ಯಾಕೆಟ್ಟಿಗೆ ಬದಲಾದೆವು. ಜೋಳಿಗೆಯಲ್ಲಿ ದೋಷವಿರಲಿಲ್ಲ. ನನಗೆ ಒಂಬತ್ತನೇ ದಿನ ಬಾಗಿಲು ಬಡಿಯುವವರು ಇರಲಿಲ್ಲ.

ಕಾಕಾ ವಾರಕ್ಕೆ ಮೂರು ಸಲ ಬರುತ್ತಿದ್ದರು. ಹೆಣ್ಣುಮಕ್ಕಳಿಗಾದರೆ ಶಕ್ತಿ ಯೋಜನೆ ಇದೆ, ಕಾಕಾಗೆ ಟಿಕೀಟು ತಪ್ಪಿದ್ದಲ್ಲ. ಮೊದಲ ಎರಡು ತಿಂಗಳು ಅವರ ಜೇಬಿನಿಂದಲೇ ಹೋಯಿತು. ನಮ್ಮ ಊರಲ್ಲಿ ಇನ್ನೂ ಐದು ಮಂದಿ ಸೇರಿದ ಮೇಲೆ ಒಂದು ಕೋಣೆ ಬೇಕಾಯಿತು, ಗುರುವಾರ ಸಂಜೆಗೆ ಚಾ ಬೇಕಾಯಿತು. ಗ್ರಾಮಸಭೆಗೆ ಅರ್ಜಿ ಕೊಟ್ಟೆವು: ಗ್ರಂಥಾಲಯದ ಕೋಣೆ, ಮತ್ತು ಪಂಚಾಯಿತಿಯ ಸ್ವಂತ ವರಮಾನದಿಂದ ತಿಂಗಳಿಗೆ 2,400 ರೂಪಾಯಿ, ಬಸ್ಸಿಗೆ, ಫೋನ್ ರಿಚಾರ್ಜಿಗೆ, ಚಾಕ್ಕೆ.

ಒಬ್ಬ ಸದಸ್ಯರು ಎದ್ದು, "ಕುಡುಕರಿಗೆ ಪಂಚಾಯ್ತಿ ರೊಕ್ಕದಾಗ ಚಾ ಕುಡಸೂದೇನ್ರಿ?" ಅಂದರು. ಜನ ನಕ್ಕರು. ನಾನೂ ನಕ್ಕೆ, ನಾಚಿಕೆಗೆ. ಹಿಂದೆ ಕೂತ ಒಬ್ಬ ಆಯಿ, ಮಗನನ್ನು ಕುಡಿತಕ್ಕೆ ಕಳಕೊಂಡಾಕಿ, ಕೂತಲ್ಲಿಂದಲೇ ಅಂದಳು: "ಕುಡಿವಾಗ ಅವರ ರೊಕ್ಕ ಸರಕಾರಕ್ಕ ಬೇಕು. ಬಿಟ್ಟಾಗ ಒಂದ್ ಕಪ್ ಚಾ ಕೊಡಾಕ ಆಗಂಗಿಲ್ಲೇನು?"

ಠರಾವು ಪಾಸಾಯಿತು.

ಆಯಿಯ ಮಾತು ಲೆಕ್ಕಕ್ಕೂ ಸರಿ. 2025-26ರ ಬಜೆಟ್ಟಿನಲ್ಲಿ ನಮ್ಮ ರಾಜ್ಯ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟಿತು. ಅಂಥ ಲೆಕ್ಕದಲ್ಲಿ ಹದಿನೇಳು ವರ್ಷ ನನ್ನ ಪಾಲೂ ಇತ್ತು. 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆ ಕುಡಿತಕ್ಕೆ ಅಂಟಿಕೊಂಡ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ ಅಂತ ಹೇಳುತ್ತದೆ. ಕೇಂದ್ರ ಸರಕಾರ ಪುನರ್ವಸತಿ ಕೇಂದ್ರಗಳಿಗೆ ಅನುದಾನ ಕೊಡುತ್ತದೆ, ಹರೆಯದ ಹುಡುಗರಿಗೆ ಅವರ ಓರಗೆಯವರೇ ತಿಳಿಹೇಳುವ ಕಾರ್ಯಕ್ರಮಕ್ಕೂ ಕೊಡುತ್ತದೆ. ಒಳ್ಳೆಯದೇ. ಆದರೆ ಮಂಚಕ್ಕೆ, ಗುಳಿಗೆಗೆ, ಬ್ಯಾನರಿಗೆ ಬಜೆಟ್ಟಿನಲ್ಲಿ ಹೆಸರಿರುತ್ತದೆ. ಕಾಕಾನ ಬಸ್ ಟಿಕೀಟನ್ನು ಯಾವ ಹೆಸರಿನಲ್ಲಿ ಬರೆಯೋದು?

ಇದೇ ಪ್ರಶ್ನೆ ನಮಗೆ ಎರಡನೇ ವರ್ಷ ಎದುರಾಯಿತು. ಲೆಕ್ಕ ನೋಡಲು ಬಂದ ಕಚೇರಿಯವರು, ಇದು ಯಾವ ಶೀರ್ಷಿಕೆಯಲ್ಲಿ ಬರುತ್ತದೆ ಅಂತ ಆಕ್ಷೇಪಣೆ ಬರೆದರು. ನಾಲ್ಕು ತಿಂಗಳು ರೊಕ್ಕ ನಿಂತಿತು. ಆ ನಾಲ್ಕು ತಿಂಗಳಲ್ಲಿ ನಮ್ಮ ಇಬ್ಬರು ಮತ್ತೆ ಕುಡಿದರು. ರೊಕ್ಕ ನಿಂತದ್ದಕ್ಕೇ ಕುಡಿದರು ಅಂತ ನಾನು ಹೇಳಲಾರೆ. ಕಾಕಾ ವಾರಕ್ಕೆ ಒಂದೇ ಸಲ ಬರುವಂತಾಗಿತ್ತು ಅನ್ನೋದಷ್ಟು ನಿಜ. ನಮ್ಮ ಪಿಡಿಒ ಮೇಡಂ ನಾಲ್ಕು ಸಲ ಉತ್ತರ ಬರೆದು, ಬಾಗಲಕೋಟೆಗೆ ಓಡಾಡಿ ಅದನ್ನು ಬಿಡಿಸಿಕೊಂಡು ಬಂದರು. ಮೇಡಂ, ಆ ಕಾಗದಗಳನ್ನು ನಾನು ಓದಿಲ್ಲ. ಆದರೆ ನಿಮ್ಮ ಋಣ ತೀರಿಸೋದಲ್ಲ.

ಹುಬ್ಬಳ್ಳಿಯಿಂದ ಒಮ್ಮೆ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಒಬ್ಬ ಅಣ್ಣಾರು ಬಂದಿದ್ದರು. ಅದು 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಕೂಡಿ ಕುಡಿತ ಬಿಡಲೆಂದು ಶುರು ಮಾಡಿದ ಸಂಘ, ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ, ಖರ್ಚಿಗೆ ಬಂದವರೇ ಚಿಲ್ಲರೆ ಹಾಕುತ್ತಾರೆ. "ಸರಕಾರದ ರೊಕ್ಕದ ಬೆನ್ನಿಗೆ ಸರಕಾರದ ರಜಿಸ್ಟರ್ ಬರ್ತದ, ನೋಡ್ರಿ" ಅಂದರು. ಅವರ ಮಾತು ನನಗೆ ನಾಟಿತು. ಕೂಲಿ ಬಿಟ್ಟು ಬರುವ ನೇಕಾರರ ಹತ್ತಿರ ಹಾಕಲು ಚಿಲ್ಲರೆಯೇ ಇಲ್ಲ ಅನ್ನೋದೂ ಅಷ್ಟೇ ಖರೆ. ಕಡೆಗೆ ಒಂದು ದಾರಿ ಸಿಕ್ಕಿತು. ರಜಿಸ್ಟರಿನಲ್ಲಿ ಹೆಸರು ಬರೆಯುವುದಿಲ್ಲ, ತಲೆ ಎಣಿಸಿ ಬರೆಯುತ್ತೇವೆ: 'ಹಾಜರು 9, ಚಾ 10.' ಹತ್ತನೇದು ದೀಪ ಆರಿಸಲು ಬರುವ ಹುಡುಗನದು. ಅದನ್ನು ಒಪ್ಪಿಕೊಂಡ ಪಂಚಾಯಿತಿಗೂ ಧನ್ಯವಾದ.

ಕಾಕಾಗೆ ಈಗ ಮೊಣಕಾಲು ನೋವು, ಬಸ್ ಹತ್ತಲು ಆಗುವುದಿಲ್ಲ. ಅವರ ಮಂದಿಯ ಕಡೆ ನಾನೇ ಹೋಗುತ್ತೇನೆ, ಅದೇ 2,400ರಲ್ಲಿ. ಮೊನ್ನೆ ಒಬ್ಬ ಹುಡುಗ, ದವಾಖಾನಿಯಿಂದ ಬಂದು ಆರು ದಿನ, ನನ್ನ ಕೈ ನೋಡಿ, "ಅಣ್ಣಾ, ನಿಮಗೂ ನಡಗತಿತ್ತೇನ್ರಿ?" ಅಂದ. ನಿಂತತು ಅಂದೆ.

ಮನೆಯಲ್ಲಿ ಕೂತು ಮಾತಾಡಬೇಕಾದವರಿಗೆ ಚಟದ ವಿಚಾರಕ್ಕೆ 14446, ಮನಸ್ಸಿನ ತೊಂದರೆಗೆ ಟೆಲಿಮಾನಸ್ 14416, ಎರಡಕ್ಕೂ ದುಡ್ಡಿಲ್ಲ.

ಕಡೆಗೆ ಒಬ್ಬರು ಉಳಿದರು, ಗ್ರಂಥಾಲಯದ ಎದುರಿನ ಚಾದಂಗಡಿ ಮಾಮಾ. ರೊಕ್ಕ ನಿಂತ ನಾಲ್ಕು ತಿಂಗಳೂ ನಮ್ಮ ಗುರುವಾರದ ಚಾ ನಿಲ್ಲಿಸಲಿಲ್ಲ, ಬಾಕಿ ಇವತ್ತಿಗೂ ಕೇಳಿಲ್ಲ. ನಾನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಿಟ್ಟಿದ್ದೆ. ಎಣಿಸಿದರೆ 1,260 ರೂಪಾಯಿ ಆಗುತ್ತದೆ. ಮಾಮಾ, ಒಂದು ಸೀರೆ ಮಗ್ಗದಿಂದ ಇಳಿದಿದೆ, ಈ ಗುರುವಾರ ತಂದುಕೊಡುತ್ತೇನೆ. ಬ್ಯಾಡ ಅನ್ನಬ್ಯಾಡ್ರಿ.