ಗಿಟಾರ್ ಮತ್ತು ವಿಶ್ವಾಸ ಪ್ರಮಾಣ

ಮಾನ್ಯರೇ,

ಚರ್ಚಿನ ಆರಾಧನೆಗೆ ಗಿಟಾರ್, ಡ್ರಮ್ಸ್ ಬಂದ ಮೇಲೆ ಗಾಂಭೀರ್ಯವೇ ಉಳಿದಿಲ್ಲ ಎಂದು ಓದುಗರೊಬ್ಬರು ಈಚೆಗೆ ಇದೇ ಅಂಕಣದಲ್ಲಿ ನೊಂದು ಬರೆದಿದ್ದರು. 30 ವರ್ಷ ಶಾಲಾ ಮಕ್ಕಳಿಗೆ ಹಾಡು ಕಲಿಸಿದವಳು ನಾನು. ಶ್ರುತಿ ಕೂಡಿಸದ ಗಿಟಾರಿನ ಸಂಕಟ ನನಗೂ ಗೊತ್ತು. ಆದರೆ ಹಳೆಯ ಪ್ರಾರ್ಥನಾ ಕ್ರಮದ ರುಚಿ ನನಗೆ ಹತ್ತಿದ್ದೇ ಒಂದು ಗಿಟಾರಿನ ಕ್ಯಾಸೆಟ್‌ನಿಂದ.

1996ರಲ್ಲಿ ದುಬೈಯಿಂದ ರಜೆಗೆ ಬಂದ ತಮ್ಮ ಅದನ್ನು ತಂದುಕೊಟ್ಟ. ಅಮೆರಿಕದ ಕ್ರೈಸ್ತ ಗಾಯಕ ರಿಚ್ ಮಲಿನ್ಸ್ 1993ರಲ್ಲಿ ಹೊರತಂದ ‘ಎ ಲಿಟರ್ಜಿ, ಎ ಲೆಗಸಿ ಅಂಡ್ ಎ ರಾಗಮಫಿನ್ ಬ್ಯಾಂಡ್’. ರಾಗಮಫಿನ್ ಎಂದರೆ ಚಿಂದಿ ಬಟ್ಟೆಯ ಪೋಕರಿ; ಇದೆಂಥ ಭಕ್ತಿಗೀತೆ ಎಂದು ನನ್ನ ಗಂಡ ನಕ್ಕರು. ಮೊದಲರ್ಧ ಆರಾಧನೆಯ ಕ್ರಮದಲ್ಲೇ ಸಾಗುತ್ತದೆ: ಸ್ತುತಿ, ಮೊರೆ, ವಿಶ್ವಾಸ ಪ್ರಮಾಣ (ನಂಬಿಕೆಯ ಸಾರವನ್ನು ಸಭೆ ಒಟ್ಟಾಗಿ ಹೇಳುವುದು), ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಸಮಾಧಾನ. ಉಳಿದರ್ಧ ಮನೆ, ಬದುಕು, ದೇಶದ ಕುರಿತು.

ಆಗ ನನಗೆ ಹಿಡಿಸಿದ್ದು ‘ದ ಕಲರ್ ಗ್ರೀನ್’ (ಹಸಿರು ಬಣ್ಣ) ಒಂದೇ. ಆಟಿ ತಿಂಗಳ ಮಳೆ ಹೊಳವಾದ ಬೆಳಗ್ಗೆ ಗದ್ದೆಯ ಅಂಚಿನಲ್ಲಿ ನಿಂತವರಿಗೆ ಆ ಹಾಡನ್ನು ವಿವರಿಸಬೇಕಾಗಿಲ್ಲ. ‘ಕ್ರೀಡ್’ ಬಂದ ಕೂಡಲೇ ಮಾತ್ರ ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸುತ್ತಿದ್ದೆ. ಭಾನುವಾರ ಬಾಯಿಪಾಠ ಒಪ್ಪಿಸುವ ಅಪೊಸ್ತಲರ ವಿಶ್ವಾಸ ಪ್ರಮಾಣವನ್ನು ಮನೆಯಲ್ಲೂ, ಅದೂ ಇಂಗ್ಲಿಷಿನಲ್ಲಿ, ಕೇಳಬೇಕೇ? ಒಂದು ದಿನ ಬಂಗುಡೆ ಕೊಯ್ಯುತ್ತಿದ್ದೆ. ಮೀನಿನ ಕೈಯಲ್ಲಿ ಟೇಪ್‌ರೆಕಾರ್ಡರ್ ಮುಟ್ಟುವಂತಿರಲಿಲ್ಲ. ಹಾಡನ್ನು ಪೂರ್ತಿ ಕೇಳಬೇಕಾಯಿತು. ಹ್ಯಾಮರ್ಡ್ ಡಲ್ಸಿಮರ್ ನಮ್ಮ ಸಂತೂರಿನ ಬಳಗದ ವಾದ್ಯ, ಪುಟ್ಟ ಸುತ್ತಿಗೆಗಳಿಂದ ತಂತಿ ಬಡಿದು ನುಡಿಸುವಂಥದ್ದು. ಅದರ ಓಟದ ಮೇಲೆ ಶತಮಾನಗಳ ಹಳೆಯ ಮಾತುಗಳು ಹೆಚ್ಚುಕಡಿಮೆ ಇದ್ದ ಹಾಗೆಯೇ ಬರುತ್ತವೆ. ಈ ನಂಬಿಕೆಯನ್ನು ನಾನು ಮಾಡಿದ್ದಲ್ಲ, ಅದೇ ನನ್ನನ್ನು ಮಾಡುತ್ತಿದೆ ಎಂಬರ್ಥದ ಪಲ್ಲವಿ ಬಂದಾಗ ಕತ್ತಿ ಕೆಳಗಿಟ್ಟೆ.

‘ಹೋಲ್ಡ್ ಮಿ ಜೀಸಸ್’ ಬೇಕಾದದ್ದು ಇನ್ನೂ ತಡವಾಗಿ, ಗಂಡನ ಎರಡು ಶಸ್ತ್ರಚಿಕಿತ್ಸೆಗಳ ನಡುವೆ. ನಡುಗುತ್ತಿರುವ ಒಬ್ಬ ಮನುಷ್ಯ ‘ಹಿಡಿದುಕೋ’ ಎಂದು ಬೇಡುತ್ತಾನೆ, ಅಷ್ಟೇ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಮಲಿನ್ಸ್ ತಮ್ಮ ಗಳಿಕೆಯಲ್ಲಿ ಸಾಮಾನ್ಯ ದುಡಿಮೆಗಾರನ ಸಂಬಳದಷ್ಟನ್ನು ಮಾತ್ರ ಪಡೆದು ಉಳಿದದ್ದನ್ನು ದಾನಕ್ಕೆ ಬಿಡುತ್ತಿದ್ದರು. ಕೊನೆಯ ವರ್ಷಗಳಲ್ಲಿ ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ನಡುವೆ ನೆಲೆಸಿ ಅಲ್ಲಿನ ಮಕ್ಕಳಿಗೆ ಸಂಗೀತ ಕಲಿಸಿದರು. 1997ರ ಸೆಪ್ಟೆಂಬರ್ 19ರಂದು ಇಲಿನಾಯ್ ರಾಜ್ಯದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 41. ನನಗೆ ತಿಳಿದದ್ದು ಮರುವರ್ಷ ತಮ್ಮ ಬಂದಾಗ. ಅಷ್ಟು ದಿನವೂ ಅವರು ಬದುಕಿದ್ದಾರೆಂದೇ ಕೇಳುತ್ತಿದ್ದೆ.

ಕ್ಯಾಸೆಟ್ ಸವೆದುಹೋಗಿ ಈಗ ಮೊಬೈಲ್‌ನಲ್ಲಿ ಕೇಳುತ್ತೇನೆ. ತೊಂದರೆ ಒಂದೇ. ಭಾನುವಾರ ಸಭೆಯೆಲ್ಲ ನಿಧಾನವಾಗಿ ವಿಶ್ವಾಸ ಪ್ರಮಾಣ ಹೇಳುವಾಗ ನಾನು ಡಲ್ಸಿಮರಿನ ಲಯಕ್ಕೆ ಸಿಕ್ಕಿ, ಅದರಲ್ಲಿ ಬರುವ, ಯೇಸುವಿಗೆ ಮರಣದಂಡನೆ ವಿಧಿಸಿದ ಪಿಲಾತನ ಹೆಸರನ್ನು ಎಲ್ಲರಿಗಿಂತ ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಬೆಂಚಿನವರು ತಿರುಗಿ ನೋಡುತ್ತಾರೆ. ಪತ್ರ ಬರೆದವರು ನಮ್ಮ ಸಭೆಯವರೇ ಆಗಿದ್ದರೆ ಗಿಟಾರಿನ ಹುಡುಗರನ್ನಷ್ಟೇ ದೂರಬಾರದಾಗಿ ವಿನಂತಿ.

– ನಿವೃತ್ತ ಶಿಕ್ಷಕಿ, ಉಡುಪಿ