ಮಳೆ ಬಂದರೆ ಮುಚ್ಚಿಹೋಗುವ ರೈಲ್ವೆ ಕೆಳಸೇತುವೆ: ನಿರ್ವಹಣಾ ಗುತ್ತಿಗೆದಾರರಿಗೆ ದೂರು ಪತ್ರ

ಇವರಿಂದ:
ಮಂಡಕ್ಕಿ ಭಟ್ಟಿಯ ಮಾಲೀಕರು,
ಹಳೇ ದಾವಣಗೆರೆ, ದಾವಣಗೆರೆ

ಇವರಿಗೆ:
ವ್ಯವಸ್ಥಾಪಕರು,
ರೈಲ್ವೆ ಕೆಳಸೇತುವೆಯ ನಿರ್ಮಾಣ ಹಾಗೂ ನಿರ್ವಹಣೆಯ ಗುತ್ತಿಗೆ ಪಡೆದ ಸಂಸ್ಥೆ

ವಿಷಯ: ಕೆಳಸೇತುವೆಯಲ್ಲಿ ಮಳೆನೀರು ನಿಂತು ಸಂಚಾರ ಕಡಿದುಹೋಗುತ್ತಿರುವುದು, ಅದರಿಂದ ಆದ ನಷ್ಟ ಮತ್ತು ಜನರ ಪ್ರಾಣಕ್ಕೆ ಒದಗಿರುವ ಅಪಾಯದ ಬಗ್ಗೆ.

ಮಾನ್ಯರೇ,

ನಮ್ಮ ತಂದೆಯವರ ಕಾಲದಿಂದಲೂ ನಡೆದುಕೊಂಡು ಬಂದಿರುವ ಮಂಡಕ್ಕಿ ಭಟ್ಟಿಯನ್ನು ನಾನು ಈಗ ನೋಡಿಕೊಳ್ಳುತ್ತಿದ್ದೇನೆ. ಭಟ್ಟಿ ಇರುವುದು ರೈಲು ಹಳಿಯ ಒಂದು ಬದಿಗೆ, ನಮ್ಮ ಮಂಡಕ್ಕಿ ಕೊಳ್ಳುವ ಅಂಗಡಿಗಳಲ್ಲಿ ಹೆಚ್ಚಿನವು ಇನ್ನೊಂದು ಬದಿಗೆ. ಎರಡು ವರ್ಷದ ಹಿಂದೆ ನಮ್ಮ ಲೆವೆಲ್ ಕ್ರಾಸಿಂಗ್ ಗೇಟನ್ನು ಕಾಯಂ ಆಗಿ ಮುಚ್ಚಿ, ಅದರ ಬದಲಿಗೆ ತಾವು ಕಟ್ಟಿದ ಕೆಳಸೇತುವೆಯನ್ನು ಸಂಚಾರಕ್ಕೆ ಬಿಡಲಾಯಿತು. ಅಂದಿನಿಂದ ಈ ಭಾಗದ ಜನರಿಗೆ ಹತ್ತಿರದ ದಾರಿ ಎಂದರೆ ಅದೊಂದೇ.

ಹಳೆಯ ಗೇಟು ಮತ್ತೆ ಬೇಕೆಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಗೇಟಿನ ಮುಂದೆ ಕಾಯ್ದು ಸಾಕಾದವರಲ್ಲಿ ನಾನೂ ಒಬ್ಬಳು. ಗೇಟು ಪೂರ್ತಿ ಇಳಿದು ಬೀಗ ಬೀಳುವ ತನಕ ಸಿಗ್ನಲ್ ಹಸಿರಾಗದಂತೆ ಎರಡನ್ನೂ ಒಂದಕ್ಕೊಂದು ಜೋಡಿಸಿರುತ್ತಾರೆ. ಆದ್ದರಿಂದ ರೈಲು ಇನ್ನೂ ದೂರದಲ್ಲಿರುವಾಗಲೇ ಗೇಟ್ ಹಾಕಲೇಬೇಕು. ಮೊದಲು ಒಂದೇ ಹಳಿ ಇದ್ದ ಈ ಬೆಂಗಳೂರು–ಹುಬ್ಬಳ್ಳಿ ಮಾರ್ಗ ಜೋಡಿ ಮಾರ್ಗವಾಗಿ, ವಿದ್ಯುದೀಕರಣವೂ ಆದ ಮೇಲೆ ಗಾಡಿಗಳು ಹೆಚ್ಚಿದವು. 2023ರ ಜೂನ್‌ನಲ್ಲಿ ವಂದೇ ಭಾರತ್ ರೈಲೂ ದಾವಣಗೆರೆಯ ಮೇಲೆ ಓಡತೊಡಗಿತು. ಒಂದು ಕಡೆಯಿಂದ ಗೂಡ್ಸ್ ಗಾಡಿ ಹೋಗಿ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಹಳಿಯ ಮೇಲೆ ಎಕ್ಸ್‌ಪ್ರೆಸ್ ಬರುತ್ತಿತ್ತು, ಗೇಟ್ ಎತ್ತುತ್ತಿರಲಿಲ್ಲ. ಆಸ್ಪತ್ರೆಗೆ ಹೊರಟವರು, ಪರೀಕ್ಷೆಗೆ ಹೊರಟ ಮಕ್ಕಳು, ಎಪಿಎಂಸಿಗೆ ಮೆಕ್ಕೆಜೋಳ ತುಂಬಿಕೊಂಡು ಬಂದ ಟ್ರ್ಯಾಕ್ಟರುಗಳು ಎಲ್ಲರೂ ಅಲ್ಲಿ ನಿಂತವರೇ. ಹೀಗಾಗಿ ಕೆಳಸೇತುವೆ ಆಗುತ್ತದೆ ಎಂದಾಗ ನಾವು ಸಂತೋಷಪಟ್ಟೆವು, ಕಾಮಗಾರಿ ನಡೆಯುವಾಗ ತಿಂಗಳುಗಟ್ಟಲೆ ದೂಳು ಕುಡಿದುಕೊಂಡು ಸುಮ್ಮನಿದ್ದೆವು.

ಆದರೆ ಹಾಕಿದ ಗೇಟು ಎಷ್ಟು ಹೊತ್ತಾದರೂ ಒಮ್ಮೆ ತೆರೆಯುತ್ತಿತ್ತು. ತಮ್ಮ ಕೆಳಸೇತುವೆಯಲ್ಲಿ ನೀರು ತುಂಬಿದರೆ ಅದು ಯಾವಾಗ ಖಾಲಿಯಾಗುತ್ತದೆ ಎಂದು ಹೇಳುವವರೇ ಇಲ್ಲ.

ಕಳೆದ ತಿಂಗಳು ಸಂಜೆ ಆರರ ಹೊತ್ತಿಗೆ ಅರ್ಧ ಗಂಟೆ ಜೋರು ಮಳೆಯಾಯಿತು. ಸಂಜೆ ಎಂದರೆ ನಮ್ಮೂರಲ್ಲಿ ಮೆಣಸಿನಕಾಯಿ–ಮಂಡಕ್ಕಿಯ ಹೊತ್ತು. ಅಂಗಡಿಯವರು ಕಾಯುತ್ತಿರುತ್ತಾರೆಂದು ಮಳೆ ನಿಂತ ಕೂಡಲೇ ಹದಿನಾಲ್ಕು ಚೀಲ ಹೇರಿ ಲಗೇಜ್ ಆಟೊ ಕಳುಹಿಸಿದೆ. ಕೆಳಸೇತುವೆಯ ಒಳಗೆ ದೀಪ ಉರಿಯುತ್ತಿರಲಿಲ್ಲ. ಕತ್ತಲಲ್ಲಿ ನೀರು ಎಷ್ಟಿದೆ ಎಂದು ತಿಳಿಯದೆ ಚಾಲಕ ಇಳಿಸಿಬಿಟ್ಟ. ನಡುಮಧ್ಯೆ ಸೈಲೆನ್ಸರಿಗೆ ನೀರು ಹೊಕ್ಕು ಗಾಡಿ ನಿಂತಿತು. ಅವನನ್ನೂ ಗಾಡಿಯನ್ನೂ ಅಕ್ಕಪಕ್ಕದ ಹುಡುಗರು ಹಗ್ಗ ಕಟ್ಟಿ ಎಳೆದು ತಂದರು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದ ಮಂಡಕ್ಕಿ ಅದು. ಕೆಳಗಿನ ಸಾಲಿನ ಚೀಲಗಳನ್ನು ಬಿಚ್ಚಿ ನೋಡಿದಾಗ ಆಳೆತ್ತರದ ಚೀಲ ಸೊಂಟದ ಮಟ್ಟಕ್ಕೆ ಕುಸಿದಿತ್ತು, ಒಳಗೆ ಕೈಹಾಕಿದರೆ ಮೆತ್ತಗಿನ ಅಂಟು ಮಾತ್ರ ಸಿಕ್ಕಿತು. ಒಂಬತ್ತು ಚೀಲ ದನಗಳಿಗೂ ಹಾಕಲಾರದಂತೆ ಕೆಟ್ಟುಹೋಯಿತು, ಏಕೆಂದರೆ ಅದಕ್ಕೆ ಹತ್ತಿದ್ದು ಚರಂಡಿಯ ಕೊಳಚೆ ಬೆರೆತ ನೀರು.

ಅಂದೇ ತಮ್ಮ ಕಚೇರಿಗೆ ದೂರವಾಣಿ ಮಾಡಿದೆ. ಮಳೆ ನಿಂತ ಮೇಲೆ ನೀರು ತಾನಾಗಿ ಇಳಿಯುತ್ತದೆ ಎಂಬ ಉತ್ತರ ಬಂತು. ಈ ಮಾತು ಸರಿಯಲ್ಲವೆಂದು ತಮ್ಮ ಇಂಜಿನಿಯರುಗಳಿಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಹಳಿಯ ಅಡಿಗೆ ಕಾಂಕ್ರೀಟ್ ಬಾಕ್ಸ್ ಕೂರಿಸಲು ಎರಡೂ ಕಡೆಯಿಂದ ರಸ್ತೆಯನ್ನು ಇಳಿಜಾರಾಗಿ ತೋಡಿರುವುದರಿಂದ ಸುತ್ತಲಿನ ಬೀದಿಗಳ ನೀರು ಅಲ್ಲಿಗೇ ಹರಿದುಬರುತ್ತದೆ. ಆ ತಳ ಊರಿನ ಚರಂಡಿಗಿಂತ ಕೆಳಗಿದೆ. ನೀರು ತಾನಾಗಿ ಹತ್ತಿ ಹೋಗುವುದಿಲ್ಲ; ಬದಿಯ ತೊಟ್ಟಿಗೆ ಇಳಿಸಿ ಪಂಪಿನಿಂದ ಎತ್ತಿ ಹಾಕಿದರೆ ಮಾತ್ರ ಹೊರಹೋಗುತ್ತದೆ. ಇರುವುದು ಒಂದೇ ಪಂಪು, ಅದೂ ಕರೆಂಟಿನದ್ದು. ಗುಡುಗು ಮಳೆ ಶುರುವಾದರೆ ಮೊದಲು ಹೋಗುವುದೇ ಕರೆಂಟು. ಮರುದಿನ ಬೆಳಿಗ್ಗೆ ನಾನೇ ಹೋಗಿ ನೋಡಿದೆ: ತೊಟ್ಟಿಯ ಮೇಲಿನ ಕಬ್ಬಿಣದ ಜಾಲರಿಗೆ ಪ್ಲಾಸ್ಟಿಕ್ ಚೀಲ, ತೆಂಗಿನ ಚಿಪ್ಪು, ಹೂವಿನ ಹಾರ ಮೆತ್ತಿಕೊಂಡಿದ್ದವು, ತೊಟ್ಟಿಯ ಒಳಗೆ ಮೊಳಕಾಲುದ್ದ ಹೂಳು ಇತ್ತು. ಮುಂಗಾರಿಗೆ ಮುಂಚೆ ಒಮ್ಮೆಯಾದರೂ ಅದನ್ನು ಎತ್ತಿಸಿದ್ದ ಗುರುತು ಕಾಣಲಿಲ್ಲ.

ನನ್ನ ಮಂಡಕ್ಕಿಯ ನಷ್ಟ ಹೇಗೋ ತುಂಬಿಕೊಳ್ಳಬಹುದು. ಈ ಪತ್ರ ಬರೆಯಲು ನಿಜವಾದ ಕಾರಣ ಅದೇ ರಾತ್ರಿ ನಡೆದದ್ದು. ಭಟ್ಟಿಯ ಕೆಲಸ ಮುಗಿಸಿದ ಐದು ಮಂದಿ ಹೆಣ್ಣುಮಕ್ಕಳಿಗೆ ಮನೆಗೆ ಹೋಗಲು ದಾರಿ ಇರಲಿಲ್ಲ. ಸುತ್ತು ಹಾಕಿ ಮೇಲ್ಸೇತುವೆಯಿಂದ ಹೋಗಬೇಕೆಂದರೆ ಆಟೊಕ್ಕೆ ಕೊಡುವ ದುಡ್ಡು ಅಂದಿನ ಕೂಲಿಯಲ್ಲಿ ದೊಡ್ಡ ಪಾಲು. ಅವರು ಹಳಿ ಹತ್ತಿದರು. ಒಬ್ಬಳ ಕಂಕುಳಲ್ಲಿ ಎರಡು ವರ್ಷದ ಮಗು ಇತ್ತು. ಈಚೆಯ ಹಳಿಯ ಮೇಲೆ ಗೂಡ್ಸ್ ಗಾಡಿ ನಿಧಾನಕ್ಕೆ ಸಾಗಿ ಹೋಗುವ ತನಕ ಕಾಯ್ದು, ಅದರ ಕೊನೆಯ ಡಬ್ಬಿ ದಾಟಿದ್ದೇ ತಡ ಹೆಜ್ಜೆ ಮುಂದಿಟ್ಟಾಗ, ಆ ಗಾಡಿಯ ಮರೆಯಲ್ಲೇ ಆಚೆಯ ಹಳಿಯ ಮೇಲೆ ಎದುರಿನಿಂದ ಇನ್ನೊಂದು ರೈಲು ಬಂತು. ಗೂಡ್ಸಿನ ಸದ್ದಿನಲ್ಲಿ ಅದರ ಹಾರ್ನ್ ಇವರಿಗೆ ಕೇಳಿಸಿರಲಿಲ್ಲ. ಹಿಂದಿದ್ದ ಹಿರಿಯಾಕೆ ಮಗು ಎತ್ತಿಕೊಂಡಿದ್ದವಳ ಸೆರಗು ಹಿಡಿದು ಹಿಂದಕ್ಕೆ ಎಳೆದಿದ್ದರಿಂದ ಇಂದು ಅವರಿಬ್ಬರೂ ಇದ್ದಾರೆ.

ಹಳಿ ದಾಟುವುದು ರೈಲ್ವೆ ಕಾಯ್ದೆ, 1989ರ 147ನೇ ಕಲಮಿನ ಪ್ರಕಾರ ಅಪರಾಧ, ಅದಕ್ಕೆ ಆರು ತಿಂಗಳ ತನಕ ಸೆರೆವಾಸ ಅಥವಾ ಒಂದು ಸಾವಿರ ರೂಪಾಯಿ ತನಕ ದಂಡ ಅಥವಾ ಎರಡೂ ಆಗಬಹುದೆಂದು ನಾನು ಅವರಿಗೆ ತಿಳಿಸಿ ಹೇಳಿದ್ದೇನೆ. ಅವರು ತಪ್ಪು ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ, ನಾಳೆ ಮತ್ತೆ ಮಳೆ ಬಂದರೆ ಯಾವ ಕಡೆಯಿಂದ ಹೋಗಲಿ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಆ ಉತ್ತರವನ್ನು ಕೊಡಬೇಕಾದವರು ನಿರ್ವಹಣೆಯ ಹೊಣೆ ಹೊತ್ತಿರುವ ತಾವು.

ಇನ್ನೊಂದು ತೊಂದರೆಯನ್ನೂ ಇಲ್ಲೇ ತಿಳಿಸುತ್ತೇನೆ. ಕೆಳಸೇತುವೆಯ ಎತ್ತರದ ಮಿತಿ 3.6 ಮೀಟರ್ ಎಂಬ ಫಲಕವನ್ನು ಅಡ್ಡಕಂಬಿಯ ಹತ್ತಿರ ಮಾತ್ರ ಹಾಕಿದ್ದೀರಿ. ಎತ್ತರಕ್ಕೆ ಹೇರಿಕೊಂಡು ಹೊರ ಊರಿನಿಂದ ಬರುವ ಲಾರಿಯವರಿಗೆ ಅದು ಕಾಣುವುದು ಇಳಿಜಾರಿಗೆ ಬಂದ ಮೇಲೆಯೇ. ಆಮೇಲೆ ಅವರು ಹಿಂದಕ್ಕೆ ತೆಗೆಯುವುದಕ್ಕೆ ಇಡೀ ಬೀದಿ ನಿಲ್ಲಬೇಕಾಗುತ್ತದೆ.

ಆದ್ದರಿಂದ ಹಿಂಗಾರು ಮಳೆ ಶುರುವಾಗುವ ಮೊದಲು ತೊಟ್ಟಿಯ ಹೂಳು ತೆಗೆಸಿ, ಜಾಲರಿಗಳನ್ನು ಪ್ರತಿ ವಾರ ಸ್ವಚ್ಛ ಮಾಡಿಸಬೇಕು. ಕರೆಂಟು ಹೋದರೂ ನಡೆಯುವಂತೆ ಡೀಸೆಲ್ ಪಂಪನ್ನು ಅಲ್ಲೇ ಇಟ್ಟು, ಮಳೆಗಾಲ ಮುಗಿಯುವ ತನಕ ಅದನ್ನು ನಡೆಸಬಲ್ಲ ಒಬ್ಬ ಆಳನ್ನು ರಾತ್ರಿಯೂ ಇರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಬೀದಿಯ ನೀರು ಒಳಗೆ ನುಗ್ಗದಂತೆ ಎರಡೂ ಬಾಯಿಗಳಲ್ಲಿ ರಸ್ತೆಯನ್ನು ಸ್ವಲ್ಪ ಏರಿಸಿ ಅಡ್ಡ ಚರಂಡಿ ಮಾಡುವುದು, ಇಳಿಜಾರಿನ ಮೇಲೆ ತಗಡಿನ ಚಾವಣಿ ಹಾಕುವುದು ಬೇರೆ ಕೆಳಸೇತುವೆಗಳಲ್ಲಿ ರೂಢಿಯಲ್ಲಿರುವ ಕೆಲಸಗಳು; ಇಲ್ಲಿ ಅವನ್ನು ಏಕೆ ಬಿಡಲಾಯಿತು ಎಂಬುದನ್ನು ಬರಹದಲ್ಲಿ ತಿಳಿಸಬೇಕು. ನೀರಿನ ಮಟ್ಟ ತೋರಿಸುವ ಕೆಂಪು ಗುರುತನ್ನು ಗೋಡೆಗೆ ಬಳಿಸುವುದಕ್ಕೂ, ದೀಪಗಳನ್ನು ಸರಿಪಡಿಸುವುದಕ್ಕೂ, ಎತ್ತರದ ಫಲಕವನ್ನು ಮುಖ್ಯ ರಸ್ತೆಯ ತಿರುವಿನಲ್ಲೇ ನಿಲ್ಲಿಸುವುದಕ್ಕೂ ಹೆಚ್ಚು ಹಣ ಬೇಕಾಗದು, ಅವನ್ನು ಈ ವಾರವೇ ಮಾಡಬಹುದು.

ಕೆಟ್ಟುಹೋದ ಒಂಬತ್ತು ಚೀಲದ ಲೆಕ್ಕ ಹಾಗೂ ಆಟೊ ರಿಪೇರಿಯ ಬಿಲ್ಲನ್ನು ಲಗತ್ತಿಸಿದ್ದೇನೆ. ಆಟೊ ಚಾಲಕನ ದುಡಿಮೆ ನಾಲ್ಕು ದಿನ ನಿಂತಿದ್ದರಿಂದ ಮೊದಲು ಅವನಿಗೆ ಪರಿಹಾರ ಕೊಡಿ, ನನ್ನದು ಆಮೇಲೆ ಆಗಲಿ. ನೀರು ತುಂಬಿದ್ದ ದಿನದ ಮತ್ತು ಮರುದಿನ ತೊಟ್ಟಿಯ ಫೋಟೊಗಳೂ ಜೊತೆಗಿವೆ. ಪತ್ರ ತಲುಪಿದ ಹದಿನೈದು ದಿನದೊಳಗೆ ತಮ್ಮ ಇಂಜಿನಿಯರ್ ಒಬ್ಬರು ಸ್ಥಳಕ್ಕೆ ಬರಲಿ; ಸಾಧ್ಯವಾದರೆ ಮಳೆ ಬಿದ್ದ ಸಂಜೆಯೇ ಬರಲಿ. ಭಟ್ಟಿಯ ಹೆಣ್ಣುಮಕ್ಕಳೂ ನಾನೂ ಅಲ್ಲಿ ಇರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮಂಡಕ್ಕಿ ಭಟ್ಟಿಯ ಮಾಲೀಕರು
ಹಳೇ ದಾವಣಗೆರೆ