ಜಠರ ಇಲ್ಲದ ಐವತ್ತು ಕಿಲೋಮೀಟರ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಆನುವಂಶಿಕ ಕ್ಯಾನ್ಸರಿನ ಸಂಶೋಧನೆಗೆ ರೊಕ್ಕ ಕೂಡಸಲಿಕ್ಕೆ ವಿಜಯಪುರದಿಂದ ಆಲಮಟ್ಟಿತನಕ ಹೈವೇ ಹಿಡಿದು ಓಡ್ತೀನಿ ಅಂತ ಬರದೀದಿ. ಆ ದಾರಿ ಬ್ಯಾಡ. ಲಾರಿಗಳ ಕಾಟ ಅಂತೂ ಇದ್ದದ್ದೇ. ಅದಕ್ಕಿಂತ ದೊಡ್ಡ ಮಾತಂದ್ರ, ಜಠರ ಪೂರ್ತಿ ತಗಸಿಕೊಂಡವನಿಗೆ ನೀರು, ತಿನ್ನೂದು ಓಟದುದ್ದಕ್ಕೂ ಹತ್ತಿರನೇ ಇರಬೇಕು. ಭೂತನಾಳ ಕೆರಿ ಕಡೆ 5 ಕಿಲೋಮೀಟರಿನ ಒಂದು ಸುತ್ತು ಅಳದು ಗುರುತು ಮಾಡಿ, ಹತ್ತು ಸುತ್ತು ಹಾಕು. ಮ್ಯಾರಥಾನಿನ 42.195 ಕಿಲೋಮೀಟರ ದಾಟಿದ್ರ ಅದು ಅಲ್ಟ್ರಾ ಮ್ಯಾರಥಾನೇ. ನಡುನಡುವೆ ನಡೆಯೂದೂ ಸೇರಿ ಸುತ್ತಿಗೆ 48 ನಿಮಿಷ ಹಿಡಿದ್ರ ಎಂಟು ತಾಸು. ಡಿಸೆಂಬರದಾಗ ನಸುಕಿನ 4ಕ್ಕ ಬಿಟ್ರ ಮಧ್ಯಾಹ್ನ 12ಕ್ಕ ಮುಗೀತದ. ಬ್ಯಾಸಗಿ ಬಿಸಲಾಗ ಈ ಮಾತೇ ತಗೀಬ್ಯಾಡ.

ಕಾಲಿನ ಚಿಂತಿ ನನಗಿಲ್ಲ, ಕರಳಿನ ಚಿಂತಿ ಅದ. ಈಗ ನಿನ್ನ ಅನ್ನನಾಳ ನೇರ ಸಣ್ಣ ಕರಳಿಗೆ ಕೂಡ್ಯದ. ತಿಂದದ್ದನ್ನ ತಡದು ಸ್ವಲ್ಪಸ್ವಲ್ಪ ಕೆಳಗ ಬಿಡೂ ಚೀಲ ಇಲ್ಲ. ಗಟ್ಟಿ ಸಿಹಿ ಒಮ್ಮೆಲೆ ಇಳದ್ರ ಕರಳು ರಕ್ತದಾಗಿನ ನೀರು ಎಳಕೊಳ್ತದ. 10ರಿಂದ 30 ನಿಮಿಷದಾಗ ಹೊಟ್ಟಿ ನುಲದು, ಎದಿ ಢವಢವ ಅಂದು, ಭೇದಿ ಹತ್ತತದ; ಇದಕ್ಕ ಡಂಪಿಂಗ್ ಅಂತಾರ. ಇನ್ನೊಂದು ಡಂಪಿಂಗ್ ತಡವಾಗಿ ಬರೂದು: ಇನ್ಸುಲಿನ್ ಜಾಸ್ತಿ ಸುರದು, 1ರಿಂದ 3 ತಾಸಿಗೆ ರಕ್ತದ ಸಕ್ಕರಿ ಕುಸೀತದ. ಬೆವರು, ನಡುಕ, ಕಣ್ಣಿಗೆ ಕತ್ತಲಿ. ಓಡೂವಾಗ ಹೆಂಗಿದ್ರೂ ಬೆವರ್ತೀದಿ, ಹಿಂಗಾಗಿ ಈ ಲಕ್ಷಣ ಗೊತ್ತೇ ಆಗೂದಿಲ್ಲ. ಅದಕ್ಕ ಎರಡು ಸುತ್ತಿಗೊಮ್ಮೆ ಗ್ಲುಕೋಮೀಟರ್ ಹಿಡಿ, ಮೊದಲು ಬೆರಳು ತೊಳಕೊ. ಬಾಳಿಹಣ್ಣು ಮುಟ್ಟಿದ ಬೆರಳು ಚುಚ್ಚಿದ್ರ ಸುಳ್ಳು ಲೆಕ್ಕ ಬರ್ತದ. ಸಕ್ಕರಿ 70 mg/dLಕ್ಕಿಂತ ಕೆಳಗ ಬಂದ್ರ ಕೂತು 15 ಗ್ರಾಂ ಗ್ಲುಕೋಸ್ ನೀರಾಗ ಕದಡಿ ನಿಧಾನಕ್ಕ ಕುಡಿ, 15 ನಿಮಿಷ ಬಿಟ್ಟು ಮತ್ತ ನೋಡು. 54ಕ್ಕಿಂತ ಕೆಳಗ ಹೋದ್ರ ಆವತ್ತಿನ ಓಟ ಅಲ್ಲಿಗೇ ಮುಗೀತು.

ಡಬ್ಲ್ಯೂಎಚ್‌ಒ ಸೂತ್ರದ ಓಆರ್‌ಎಸ್ ಪಾಕೀಟೇ ತಗೊ. ಅದರಾಗ ಲೀಟರಿಗೆ 13.5 ಗ್ರಾಂ ಗ್ಲುಕೋಸ್, 2.6 ಗ್ರಾಂ ಉಪ್ಪು ಇರ್ತದ. ಟೆಟ್ರಾ ಪ್ಯಾಕಿನ ಸಿಹಿ ಪಾನೀಯ, ಓಟಗಾರರ ಜೆಲ್ ಎರಡೂ ನಿನಗಲ್ಲ. ಹತ್ತು ನಿಮಿಷಕ್ಕ 50–60 ಮಿಲಿ ಗುಟುಕು, ಅಂದ್ರ ತಾಸಿಗೆ ಹೆಚ್ಚೂಕಡಿಮಿ 350 ಮಿಲಿ. ಬಾಯಾರಿಕಿ ಆತಂತ ಬರೇ ನೀರು ಗಟಗಟ ಕುಡಿದ್ರ ಹೊಟ್ಟಿನೂ ಕೆಡ್ತದ, ಸೋಡಿಯಂ ಕೂಡ ಇಳೀತದ. ತಿನ್ನಲಿಕ್ಕೆ 20 ನಿಮಿಷಕ್ಕೊಮ್ಮೆ ಕಾಲುಭಾಗ ಬಾಳಿಹಣ್ಣು ಸಾಕು. ಬ್ಯಾಸರಾದ್ರ ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡಿ, ಇಲ್ಲಾ ಮೆತ್ತಗ ಹಿಸುಕಿದ ಅನ್ನ. ನಿಂತು, ಬಾಯಾಗ ಪೂರ್ತಿ ನುರಸಿ ನುಂಗು. ಓಆರ್‌ಎಸ್ ಸೇರಿ ತಾಸಿಗೆ 20–25 ಗ್ರಾಂ ಕಾರ್ಬೋಹೈಡ್ರೇಟ್ ಆಗ್ತದ. ಬ್ಯಾರೆ ಓಟಗಾರರು 60 ಗ್ರಾಂತನಕ ತಗೋತಾರ, ಅವರನ್ನ ನೋಡಿ ಏರಿಸಬ್ಯಾಡ. ಎರಡು ವಾರಕ್ಕ 5 ಗ್ರಾಂ ಏರಿಸು, ಅದೂ ಹೊಟ್ಟಿ ಒಪ್ಪಿದ್ರ. ಜ್ವಾಳದ ರೊಟ್ಟಿ, ಶೇಂಗಾ ಹೋಳಿಗಿ ಆವತ್ತು ದೂರ ಇರಲಿ: ಒಂದರಾಗ ನಾರು, ಇನ್ನೊಂದರಾಗ ಬೆಲ್ಲ, ಎಣ್ಣಿ. ಬಿಡೂ ಮುಂಚಿನ ಒಂದು ತಾಸಿನಾಗ ಸಿಹಿ ಮುಟ್ಟಲೇಬ್ಯಾಡ.

ತಯಾರಿ ಶುರು ಮಾಡೂ ಮುಂಚೆ ತೂಕ ಇಳಿಯೂದು ನಿಂತು ಮೂರು ತಿಂಗಳರೆ ಆಗಿರಬೇಕು, ಸರ್ಜನ್ ಹೂಂ ಅಂದಿರಬೇಕು. ಬಿ12ದ್ದು ಸೂಕ್ಷ್ಮ ವಿಷಯ. ಅದನ್ನ ಹೀರಲಿಕ್ಕೆ ಬೇಕಾದ ಪ್ರೋಟೀನು ಜಠರದಾಗೇ ಹುಟ್ಟೂದು, ಹಿಂಗಾಗಿ ಇಂಜೆಕ್ಷನ್ ಜೀವನಪೂರ್ತಿ ತಪ್ಪಿಸೂ ಹಂಗಿಲ್ಲ. ಯಕೃತ್ತಿನಾಗಿನ ದಾಸ್ತಾನು ವರ್ಷಗಟ್ಟಲೆ ನಡೀತದ ಅಂತ ಮೊದಲಿಗೆ ಏನೂ ಗೊತ್ತಾಗೂದಿಲ್ಲ. ಕಾಲ್ಬೆರಳು ಜೋಮು ಹಿಡಿದ್ರ ಬೂಟಿನ ಮ್ಯಾಲ ಹಾಕಬ್ಯಾಡ, ಬಿ12 ಪರೀಕ್ಷೆ ಮಾಡಿಸು. ಆಮ್ಲ ಇಲ್ಲದ್ದಕ್ಕ ಕಬ್ಬಿಣಾಂಶನೂ ಸರಿ ಹತ್ತೂದಿಲ್ಲ, ಮೈಯಾಗಿನ ಕಬ್ಬಿಣದ ದಾಸ್ತಾನು ತೋರಸೂ ಫೆರಿಟಿನ್ ಪರೀಕ್ಷೆ ಮಾಡಿಸು. ಕ್ಯಾಲ್ಸಿಯಂ ಗುಳಿಗಿ ಕಾರ್ಬೊನೇಟ್ ಅಲ್ಲ, ಸಿಟ್ರೇಟ್ ಇರಲಿ. ಎಲುಬಿನ ಗಟ್ಟಿತನ ಅಳೆಯೂ ಡೆಕ್ಸಾ ಸ್ಕ್ಯಾನ್ ಆಗೂತನಕ ಉದ್ದ ಓಟ ಬ್ಯಾಡ. ಓಟದ ದಿನ ಡೈಕ್ಲೋಫೆನಾಕ್, ಐಬುಪ್ರೊಫೆನ್ ಅನ್ನೂ ನೋವಿನ ಗುಳಿಗಿ ಕಿಸೆದಾಗ ಇಟ್ಕೋಬ್ಯಾಡ, ನೀರು ಕಮ್ಮಿಯಾದ ಮೈಯಾಗ ಅವು ಕಿಡ್ನಿಗೆ ಪೆಟ್ಟು ಕೊಡ್ತಾವ.

ಇನ್ನ ರೊಕ್ಕದ ಮಾತು. ಕಿಲೋಮೀಟರಿಗೆ ಇಷ್ಟು ಅಂತ ದೇಣಿಗಿ ಕೇಳಬ್ಯಾಡ ಅಂತ ಕೈಮುಗಿದು ಹೇಳ್ತೀನಿ. ಸಕ್ಕರಿ 50ಕ್ಕ ಇಳದಾಗ ‘ಇನ್ನೊಂದು ಸುತ್ತು ಹಾಕಿದ್ರ ಇನ್ನಷ್ಟು ರೊಕ್ಕ’ ಅನ್ನೂ ಆಸೆ ನಿನ್ನ ನಿಲ್ಲಗೊಡೂದಿಲ್ಲ. ಓಡಿದ್ರೂ, ನಿಂತ್ರೂ ಅಷ್ಟೇ ಅನ್ನೂ ಹಂಗ ಇಡಗಂಟು ಕೇಳು. ನಿನ್ನ ಫೋನಿನ ಕ್ಯೂಆರ್ ಹಾಕಬ್ಯಾಡ, ರೊಕ್ಕ ನೇರ ಸಂಸ್ಥೆಯ ಖಾತೆಗೇ ಹೋಗಲಿ. ನವಿ ಮುಂಬೈ ಖಾರಘರದಾಗಿನ ಕ್ಯಾನ್ಸರ್ ಸಂಶೋಧನಾ ಕೇಂದ್ರ, ಟಾಟಾ ಮೆಮೋರಿಯಲ್‌ನವರ ಆಕ್ಟ್ರೆಕ್‌ನಾಗ ವಂಶವಾಹಿ ಕ್ಯಾನ್ಸರಿನ ಕೆಲಸ ನಡೀತದ, ಮೊದಲು ಅಲ್ಲಿ ಕೇಳು. ‘ಆನುವಂಶಿಕ ಕ್ಯಾನ್ಸರ್ ಸಂಶೋಧನೆಗೆ’ ಅಂತ ಉದ್ದೇಶ ಬರೆಸಿ, ಒಪ್ಪಿಗಿ ಪತ್ರ ತಗೊ. ಇಲ್ಲಂದ್ರ ಸಾಮಾನ್ಯ ನಿಧಿಗೆ ಜಮಾ ಆದೀತು. ಅಮೆರಿಕದ ಪೌರತ್ವ ತಗೊಂಡ ಬಂಧುಗಳ ರೊಕ್ಕ ಕಾನೂನಿನಾಗ ವಿದೇಶಿ ದೇಣಿಗಿ, ಅದಕ್ಕ ವಿದೇಶಿ ರೊಕ್ಕ ತಗೊಳ್ಳಲಿಕ್ಕೆ ಸರಕಾರ ಕೊಡೂ ನೋಂದಣಿ, ಅಂದ್ರ ಎಫ್‌ಸಿಆರ್‌ಎ ಇದ್ದ ಸಂಸ್ಥೆನೇ ಬೇಕು.

ಪೋಸ್ಟರಿನಾಗ ‘ಕ್ಯಾನ್ಸರ್ ಗೆದ್ದವ’ ಅಂತ ಬರಸಬ್ಯಾಡ, ನಿಂದು ರೋಗ ಬರೂ ಮುಂಚಿನ ಶಸ್ತ್ರಚಿಕಿತ್ಸೆ. ನಿನಗಿರೂ, ಜಠರದ ಕ್ಯಾನ್ಸರ್ ತರೂ ಸಿಡಿಎಚ್1 ಜೀನಿನ ದೋಷ ನ್ಯೂಜಿಲ್ಯಾಂಡಿನ ಮಾವೋರಿ ಮನೆತನವೊಂದರಾಗ ಪತ್ತೆಯಾಗಿ 1998ರಾಗ ಪ್ರಕಟ ಆತು. ದೋಷ ಇದ್ದ ತಾಯಿ ಇಲ್ಲಾ ತಂದೆಯಿಂದ ಪ್ರತಿ ಮಗುವಿಗೂ ಅದು ಬರೂ ಸಾಧ್ಯತೆ ಅರ್ಧಕ್ಕರ್ಧ. ಹೆಣ್ಣುಮಕ್ಕಳಿಗೆ ಸ್ತನದ ಹಾಲಿನ ಗ್ರಂಥಿಯಾಗ ಹುಟ್ಟೂ ಲೋಬ್ಯುಲರ್ ಕ್ಯಾನ್ಸರಿನ ಭಯನೂ ಅದ. ಜಠರದ ಈ ಕ್ಯಾನ್ಸರ್ ಒಳಪದರದ ಕೆಳಗ ಚುಕ್ಕಿಚುಕ್ಕಿಯಾಗಿ ಅಡಗಿರ್ತದ. ಎಂಡೋಸ್ಕೋಪಿದಾಗ 28–30 ಕಡೆ ಚೂರು ತಗದು ನೋಡಿದ್ರೂ ತಪ್ಪಿಸಿಕೊಳ್ತದ. ಹಂಗಾಗೇ ಆರಾಮಿದ್ದ ಜಠರ ತಗೀಬೇಕಾಗ್ತದ. ಅದನ್ನ ತಗೀದನೇ ಕಾಯೂ ದಾರಿ ಹುಡುಕಲಿಕ್ಕೆ ಈ ರೊಕ್ಕ ಬೇಕು, ಜನರಿಗೆ ಇದನ್ನೇ ಹೇಳು. ನಿನ್ನ ಅಕ್ಕನ ಮಕ್ಕಳನ್ನ ಓಟಕ್ಕ ಕರೆಯೂ ಮುಂಚೆ ಜೆನೆಟಿಕ್ ಕೌನ್ಸೆಲಿಂಗಿಗೆ ಕಳಸು, ರಕ್ತಪರೀಕ್ಷೆ ಆಮ್ಯಾಲ.

ಫೆರಿಟಿನ್, ಬಿ12, ಡೆಕ್ಸಾ ರಿಪೋರ್ಟು ಬಂದ ಕೂಡಲೇ ಕಳಸು. ಅವನ್ನ ನೋಡಿ ತಾರೀಖು ಗೊತ್ತು ಮಾಡೂಣು.

ನಿನ್ನ ಗೆಳೆಯ